ಆಂಪ್ಲಿಫೈಯರಿಗೆ ಒಂದು ಒಳ್ಳೆಯ ವೈರು

ನಾನು ಮಳವಳ್ಳಿಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ತಂತಿಯಲ್ಲಿ ಕರೆಂಟು ಹೇಗೆ ಹರಿಯುತ್ತದೆ, ತಂತಿ ಉದ್ದವಾದರೆ ಏನಾಗುತ್ತದೆ, ದಪ್ಪವಾದರೆ ಏನಾಗುತ್ತದೆ ಎಂದು ಇಪ್ಪತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದೇನೆ. ಅಂಥವನು ಒಂದೂವರೆ ಮೀಟರ್ ಉದ್ದದ ಒಂದು ಕರೆಂಟಿನ ವೈರನ್ನು ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡೆ. ಹೆಂಡತಿಯನ್ನು ನೋಡಲು ಹೋದಾಗ ಅರ್ಧ ಗಂಟೆಯಲ್ಲಿ ಒಪ್ಪಿಕೊಂಡು, ಉಪ್ಪಿಟ್ಟು ತಿಂದು ಎದ್ದು ಬಂದಿದ್ದೆ.

ಎಲ್ಲ ಶುರುವಾದದ್ದು ಅಪ್ಪನ ಟ್ರಂಕಿನಿಂದ. ಅಪ್ಪ ಮದ್ದೂರಿನಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದವನು. ಮದುವೆ, ನಾಮಕರಣ, ಚುನಾವಣೆ, ಹೊಸ ಅಂಗಡಿಯ ಪೂಜೆ, ಯಾವುದಿದ್ದರೂ ಎರಡು ದೊಡ್ಡ ಕಹಳೆಗಳನ್ನು ತೆಂಗಿನಮರಕ್ಕೆ ಕಟ್ಟಿ ಸುತ್ತ ನಾಲ್ಕು ಹಳ್ಳಿಗೆ ಹಾಡು ಕೇಳಿಸುತ್ತಿದ್ದ. ವೈರಿನ ತುದಿಯನ್ನು ಹಲ್ಲಿನಲ್ಲಿ ಸುಲಿದು, ಪ್ಲಗ್ಗಿನ ಹಂಗೇ ಇಲ್ಲದೆ ಸಾಕೆಟ್ಟಿನ ತೂತಿಗೆ ತುರುಕಿ, ಅದು ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಹಾಗೆ ಮಾಡುವುದು ಶುದ್ಧ ತಪ್ಪು ಎಂದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು. ಅವತ್ತಿನಿಂದ ಅಪ್ಪನ ಕಸುಬಿನ ಬಗ್ಗೆ ನನಗೊಂದು ನಾಚಿಕೆ ಇತ್ತು. ಕಹಳೆಗಳ ಮುಂದೆ ನಿಂತೂ ನಿಂತೂ ಅವನ ಕಿವಿ ಮಂದವಾಯಿತು. ಅವ್ವ ತೀರಿಕೊಂಡ ಮೇಲೆ ಮಳವಳ್ಳಿಗೆ ನಮ್ಮ ಜೊತೆಗಿರಲು ಬಂದವನು ಎರಡು ಪಂಚೆ, ಒಂದು ಟ್ರಂಕು ಹಿಡಿದುಕೊಂಡು ಬಸ್ಸಿಳಿದ. ಟ್ರಂಕಿನ ತುಂಬ ರೆಕಾರ್ಡುಗಳು.

ಅವನ್ನು ಕೇಳಲೆಂದು ಹಳೆಯ ರೆಕಾರ್ಡ್ ಪ್ಲೇಯರ್ ಒಂದನ್ನು ತಂದೆ. ಅದಕ್ಕೆ ತಕ್ಕಂತೆ ಒಳ್ಳೆಯ ಆಂಪ್ಲಿಫೈಯರ್ ಬೇಕಾಯಿತು, ಅದನ್ನೂ ತಂದೆ. ರೆಕಾರ್ಡಿನ ಮುಳ್ಳು ಎತ್ತುವ ಸದ್ದು ಬಹಳ ಸಣ್ಣದು. ಅದನ್ನು ಮೊದಲು ಒಂದು ಪುಟ್ಟ ಪೆಟ್ಟಿಗೆ ಹಿಗ್ಗಿಸಿ ಆಮೇಲೆ ಆಂಪ್ಲಿಫೈಯರಿಗೆ ಕೊಡಬೇಕು. ಆ ಪುಟ್ಟ ಪೆಟ್ಟಿಗೆಗೆ ಕರೆಂಟು ಒದಗಿಸಲು ಬೇರೆಯದೇ ಒಂದು ಪವರ್ ಸಪ್ಲೈ ಬರುತ್ತದೆ. ಟಿಫನ್ ಡಬ್ಬಿಯಷ್ಟು ದೊಡ್ಡದು, ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಗುಂಡುಕಲ್ಲಿನಷ್ಟು ಭಾರ. ಕೆಳಗೆ ಆಂಪ್ಲಿಫೈಯರ್, ಅದರ ಮೇಲೆ ಪುಟ್ಟ ಪೆಟ್ಟಿಗೆ, ಅದರ ನೆತ್ತಿಯ ಮೇಲೆ ಈ ಡಬ್ಬಿ, ಹೀಗೆ ಜೋಡಿಸಿ, ಫೋಟೋ ತೆಗೆದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ.

ಹಾಡು ಬಂತು. ಹಾಡಿನ ಹಿಂದೆ ಗುಂಯ್ ಎಂಬ ಸದ್ದೂ ಬಂತು. ಒಂದು ದುಂಬಿ ಸ್ಪೀಕರಿನೊಳಗೆ ಸಂಸಾರ ಹೂಡಿದಂತೆ. ನನಗೆ ಆ ದುಂಬಿ ಬಿಟ್ಟು ಬೇರೆ ಏನೂ ಕೇಳಿಸದ ಹಾಗಾಯಿತು. ಅಪ್ಪನಿಗೆ ಅದು ಕೇಳಿಸುತ್ತಿರಲಿಲ್ಲ. ಹೆಂಡತಿಗೆ ಕೇಳಿಸುತ್ತಿತ್ತು, ಆದರೆ ಅವಳು ಹಲಗೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅರವತ್ತು ಮಕ್ಕಳ ಗುಂಯ್ ನಡುವೆ ಲೆಕ್ಕ ಮಾಡಿಸುವವಳಿಗೆ ಒಂದು ದುಂಬಿ ಯಾವ ಮೂಲೆಗೆ?

ಆ ದಿನಗಳಲ್ಲೇ ನನ್ನ ದವಡೆ ಹಲ್ಲು ಕೈಕೊಟ್ಟು ಮಂಡ್ಯದ ಒಬ್ಬ ದಂತವೈದ್ಯರ ಹತ್ತಿರ ಹೋದೆ. ಅವರಿಗೂ ನನ್ನದೇ ಹುಚ್ಚು, ನನಗಿಂತ ಹತ್ತು ವರ್ಷ ಹಳೆಯದು. ಹಲ್ಲು ಕೊರೆಯುತ್ತಾ ಕೊರೆಯುತ್ತಾ ಸಂಗೀತದ ಮಾತು ಬಂತು. ನಾನು ಬಾಯಿ ತೆರೆದು ಮಲಗಿದ್ದರಿಂದ ಅವರೊಬ್ಬರೇ ಮಾತಾಡಿದರು. ಬಾಯಿ ಮುಕ್ಕಳಿಸಿ ಎದ್ದು ನನ್ನ ದುಂಬಿಯ ಕಥೆ ಹೇಳಿದೆ. ಅವರು ಕೈಗವಸು ಬಿಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಸಾರ್, ಆಂಪ್ಲಿಫೈಯರ್ ಜೊತೆ ಬಂದ ಕಪ್ಪು ವೈರನ್ನೇ ಹಾಕಿದ್ದೀರಾ?"

ಇಟ್ಟಿಗೆ ಪುಡಿಯಲ್ಲಿ ಹಲ್ಲುಜ್ಜುತ್ತೀರಾ ಎಂದು ಕೇಳುವ ದನಿ. ಹೌದು ಎನ್ನಲು ನಾಚಿಕೆಯಾಯಿತು.

ಕ್ಲಿನಿಕ್ಕಿನ ಮೇಲಿನ ಮಹಡಿಯ ಕೋಣೆಗೆ ಕರೆದುಕೊಂಡು ಹೋದರು. ಮೊದಲು ಮಾಮೂಲಿ ವೈರು ಹಾಕಿ ಒಂದು ಪಿಟೀಲಿನ ರೆಕಾರ್ಡು ನುಡಿಸಿದರು. ಆಮೇಲೆ ಹೆಬ್ಬೆರಳಿಗಿಂತ ದಪ್ಪದ, ಹೆಣೆದ ಬಟ್ಟೆ ಸುತ್ತಿದ ಒಂದು ವೈರು ಸಿಕ್ಕಿಸಿ ಅದನ್ನೇ ಮತ್ತೆ ನುಡಿಸಿದರು.

"ಈಗ ಹೇಳಿ. ಪಿಟೀಲಿನ ಸುತ್ತ ಗಾಳಿ ಇದೆ ಅನ್ನಿಸ್ತಾ?"

"ಇದೆ," ಎಂದೆ.

"ತಂಬೂರಿಯವರು ಎಲ್ಲಿ ಕೂತಿದ್ದಾರೆ?"

ನಾನು ಕಣ್ಣು ಮುಚ್ಚಿದೆ. "ಎಡಗಡೆ. ಒಂಚೂರು ಹಿಂದೆ."

"ಕರೆಕ್ಟ್!" ಎಂದು ಡಾಕ್ಟರು ನನ್ನ ತೊಡೆ ತಟ್ಟಿದರು. ಯಾರಾದರೂ ನನಗೆ ಕರೆಕ್ಟ್ ಎಂದು ಎಷ್ಟು ಕಾಲವಾಗಿತ್ತೋ. ಮೇಷ್ಟ್ರಾದವನು ಬೇರೆಯವರಿಗೆ ಹೇಳುತ್ತಾನೆ, ಅವನಿಗೆ ಯಾರೂ ಹೇಳುವುದಿಲ್ಲ. ಅರ್ಧ ಬಾಯಿ ಮರಗಟ್ಟಿದ್ದರೂ ಮಂಡ್ಯದಿಂದ ಮಳವಳ್ಳಿಯವರೆಗೆ ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ.

ನನ್ನೊಳಗಿನ ಭೌತಶಾಸ್ತ್ರದ ಮೇಷ್ಟ್ರು ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. ಕರೆಂಟು ಎಲ್ಲಿಂದಲೋ ಹೊರಟು, ಕಬ್ಬಿನ ಗದ್ದೆಗಳ ಮೇಲೆ ಕಂಬದಿಂದ ಕಂಬಕ್ಕೆ ಜೋತುಬಿದ್ದ ಅಲ್ಯೂಮಿನಿಯಂ ತಂತಿಯಲ್ಲಿ ಮೈಲಿಗಟ್ಟಲೆ ಬಂದು, ನಮ್ಮ ಗೋಡೆಯೊಳಗಿನ ಸಣ್ಣ ವೈರಿನಲ್ಲಿ ನುಸುಳಿ ಸಾಕೆಟ್ಟಿಗೆ ತಲುಪುತ್ತದೆ. ಕೊನೆಯ ಒಂದೂವರೆ ಮೀಟರಿನಲ್ಲಿ ಅದು ಮಡಿಯುಟ್ಟುಕೊಂಡು ಶುದ್ಧವಾಗುವುದು ಹೇಗೆ ಎಂದು ಅವನು ಕೇಳಿದ. ನಾನು ಅವನನ್ನು ಹಿಂದಿನ ಬೆಂಚಿಗೆ ಕಳಿಸಿದೆ.

ಆಮೇಲೆ ನಾಲ್ಕು ತಿಂಗಳು ಓದು. ತಾಮ್ರದ ಹರಳು ಉದ್ದಕ್ಕಿರಬೇಕೋ ಅಡ್ಡಕ್ಕಿರಬೇಕೋ, ಪಿನ್ನಿಗೆ ಬೆಳ್ಳಿಯ ಲೇಪ ಒಳ್ಳೆಯದೋ ಚಿನ್ನದ್ದೋ, ಫೋನಿನಲ್ಲಿ ಜಗತ್ತಿನ ಜನರೆಲ್ಲ ಜಗಳವಾಡುತ್ತಿದ್ದರು. ಕೊನೆಗೆ ನಾನು ಆರಿಸಿದ ವೈರಿನ ಮೇಲೆ ಒಂದು ಬಾಣದ ಗುರುತಿತ್ತು, ಕರೆಂಟು ಯಾವ ಕಡೆಗೆ ಹರಿಯಬೇಕು ಎಂದು. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಅದಕ್ಕೆ ಒಂದು ದಿಕ್ಕೆಂಬುದಿಲ್ಲ. ಇದನ್ನು ನಾನು ಅದೇ ವಾರ ಕ್ಲಾಸಿನಲ್ಲಿ ಚಿತ್ರ ಬರೆದು ವಿವರಿಸಿದ್ದೆ. ಆಮೇಲೆ ಮನೆಯಲ್ಲಿ ವೈರು ಸಿಕ್ಕಿಸುವಾಗ ಬಾಣ ಆಂಪ್ಲಿಫೈಯರಿನ ಕಡೆಗೆ ತಿರುಗಿದೆಯೇ ಎಂದು ಎರಡು ಸಲ ನೋಡಿದೆ.

ವೈರು ಬಂದ ದಿನ ಪೆಟ್ಟಿಗೆ ಬಿಚ್ಚಿದವಳು ಹೆಂಡತಿ. "ಏನ್ರೀ ಇದು, ಹೆಬ್ಬಾವು?" ಎಂದಳು. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಇದ್ಯಾಕ್ಲಾ, ಬೋರ್‌ವೆಲ್ ಮೋಟ್ರುಗಾ?"

"ಇಲ್ಲಪ್ಪ, ಆಂಪ್ಲಿಫೈಯರ್‌ಗೆ."

ಅಪ್ಪ ಆಂಪ್ಲಿಫೈಯರನ್ನೊಮ್ಮೆ, ವೈರನ್ನೊಮ್ಮೆ ನೋಡಿ, ನನಗೆ ವಾಪಸು ಕೊಟ್ಟ.

ಹೊಸ ವೈರು ನೇರವಾಗಿ ಹಾಕುವಂತಿರಲಿಲ್ಲ, ಹದವಾಗಬೇಕು, ಒಂದು ವಾರ ಅದರಲ್ಲಿ ಹೆಚ್ಚು ಕರೆಂಟು ಹರಿಯಬೇಕು ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ಅದೇ ಬಗೆಯ ಪಿನ್ನು ಇದ್ದದ್ದು ಅನ್ನ ಮಾಡುವ ಕರೆಂಟಿನ ಕುಕ್ಕರಿಗೆ ಮಾತ್ರ. ಏಳು ದಿನ ಎರಡು ಹೊತ್ತೂ ಆ ವೈರಿನಲ್ಲೇ ಅನ್ನವಾಯಿತು. ಮುದ್ದೆಗೆ ಹೆಸರಾದ ಊರಿನಲ್ಲಿ ನಾನು ಬೇಡಿಕೊಂಡದ್ದಕ್ಕೆ ಎಲ್ಲರೂ ವಾರವಿಡೀ ಅನ್ನ ತಿಂದರು. "ಅನ್ನ ಏನಾದ್ರೂ ಶ್ರುತಿಯಾಗಿದ್ಯಾ ಮಾವ?" ಎಂದು ಹೆಂಡತಿ ಅಪ್ಪನನ್ನು ಕೇಳುತ್ತಿದ್ದಳು. ಕಿವಿ ಸರಿಯಾಗಿ ಕೇಳದ ಅಪ್ಪ, "ಉಪ್ಪು ಒಸಿ ಕಮ್ಮಿ ಕಣಮ್ಮ," ಎನ್ನುತ್ತಿದ್ದ.

ಎಂಟನೆಯ ದಿನ ವೈರು ಆಂಪ್ಲಿಫೈಯರಿಗೆ ಬಂತು. ಅದರ ಭಾರಕ್ಕೆ ಪ್ಲಗ್ಗು ಗೋಡೆಯಿಂದ ಕಿತ್ತು ಬರುತ್ತಿತ್ತು, ಕೆಳಗೆ ರಾಗಿ ಅಳೆಯುವ ಸೇರನ್ನು ಬೋರಲು ಹಾಕಿ ಆಸರೆ ಕೊಟ್ಟೆ. ಹಾಡು ಹಾಕಿದೆ. ದುಂಬಿ ಇದ್ದಲ್ಲೇ ಇತ್ತು. ಆದರೆ ಅದರ ಸುತ್ತ ಗಾಳಿ ಬಂದಿತ್ತು.

ಹಾಗೆಂದು ಹೆಂಡತಿಗೆ ಹೇಳಿದೆ. ಹಾಗಾದರೆ ಪರೀಕ್ಷೆ ಮಾಡೋಣ ಎಂದಳು. ಒಂದು ಭಾನುವಾರ ಬೆಳಗ್ಗೆ, ತಿಂಡಿಯಾದ ಮೇಲೆ, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಕಣ್ಣಿಗೆ ಟವೆಲ್ಲು ಕಟ್ಟಿದಳು. ಪ್ರತಿ ಸಲವೂ ಆಂಪ್ಲಿಫೈಯರ್ ಆಫ್ ಮಾಡಿ, ವೈರು ಕಿತ್ತು ಮತ್ತೆ ಹಾಕಿ, ಒಂದೇ ಹಾಡಿನ ಅದೇ ಸಾಲು ನುಡಿಸುವುದು. ದಪ್ಪ ವೈರೋ ಹಳೆಯ ವೈರೋ ನಾನು ಹೇಳಬೇಕು. ಹತ್ತು ಸಲ. ಅವಳು ಹಾಜರಿ ಪುಸ್ತಕದ ಹಾಗೆ ಒಂದು ಹಾಳೆಯಲ್ಲಿ ಗೀರು ಹಾಕಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ದಪ್ಪದು," ಎಂದೆ ಮೊದಲ ಸಲ. ಎರಡನೆಯದು, "ಹಳೇದು. ಸ್ವರದಲ್ಲಿ ಒಂದು ಒರಟು ಇದೆ." ಮೂರನೆಯದಕ್ಕೆ, "ಓಹೋ, ಇದು ದಪ್ಪದು, ಬಿಡು, ಮಗು ಕೂಡ ಹೇಳುತ್ತೆ." ಹೀಗೆ ಹತ್ತೂ ಮುಗಿಯಿತು. ಒಂದು ಸಲವೂ ನಾನು ಅನುಮಾನಿಸಲಿಲ್ಲ.

ಟವೆಲ್ಲು ಬಿಚ್ಚಿದಳು. ಆಂಪ್ಲಿಫೈಯರಿನ ಹಿಂದೆ ಹಳೆಯ ಕಪ್ಪು ವೈರು ನೇತಾಡುತ್ತಿತ್ತು. ದಪ್ಪ ವೈರು ಎಲ್ಲೂ ಕಾಣಲಿಲ್ಲ.

"ಅದೆಲ್ಲಿ?" ಎಂದೆ.

"ಅಡುಗೆಮನೇಲಿ, ರಾಗಿ ಡಬ್ಬದ ಹಿಂದೆ. ತಿಂಡಿಗೆ ಮುಂಚೇನೇ ತೆಗೆದಿಟ್ಟೆ. ಹತ್ತು ಸಲವೂ ಇದನ್ನೇ ಕಿತ್ತು ಇದನ್ನೇ ಹಾಕಿದ್ದು."

ಇನ್ನೊಬ್ಬ ಮನುಷ್ಯನಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಮಧ್ಯಾಹ್ನ ಊಟ ಮಾಡಿ ಮಲಗಿ ಯೋಚಿಸಿದೆ. ಸಂಜೆ ಎದ್ದಾಗ ವಿವರಣೆ ಸಿದ್ಧವಾಗಿತ್ತು: ಹೆಂಡತಿ ಹತ್ತು ಸಲ ಕಿತ್ತು ಹಾಕಿದ್ದರಿಂದ ಪಿನ್ನಿಗೆ ಹಿಡಿದಿದ್ದ ಕಿಲುಬು ಉಜ್ಜಿಹೋಗಿ ಹಳೆಯ ವೈರೇ ಒಂದೊಂದು ಸಲ ಚೆನ್ನಾಗಿ ನುಡಿದಿದೆ. ಅಲ್ಲದೆ ಆಂಪ್ಲಿಫೈಯರಿಗೆ ಒಳ್ಳೆಯ ವೈರು ಹಾಕಿ ಪವರ್ ಸಪ್ಲೈ ಡಬ್ಬಿಗೆ ಮಾಮೂಲಿ ವೈರು ಹಾಕಿದರೆ ಏನುಪಯೋಗ? ಡಾಕ್ಟರೂ ಹೌದೆಂದರು. ಇನ್ನೊಂದು ತಿಂಗಳಲ್ಲಿ ಡಬ್ಬಿಗೂ ಒಂದು ಮರಿ ಹೆಬ್ಬಾವು ಬಂತು. ಅದಕ್ಕೆ ಮೂರು ಪದರದ ಜಾಲರಿ ಹೊದಿಕೆ, ಆ ಮೂರೂ ಪದರ ಅರ್ತಿಂಗಿಗೆ ಸೇರಿರುತ್ತವೆ. ಹೊರಗಿನ ಯಾವ ಗಲಾಟೆಯೂ ಒಳಗೆ ಬಾರದೆ ನೆಲಕ್ಕೆ ಇಳಿದುಹೋಗುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ದುಂಬಿ ಅದನ್ನು ಓದಿರಲಿಲ್ಲ.

ಒಂದು ಶನಿವಾರ ಹೆಂಡತಿ ನೆಲ ಒರೆಸಿದ ಕೈಯಲ್ಲೇ ಆಂಪ್ಲಿಫೈಯರಿನ ದೂಳು ಒರೆಸಲು ಹೋದವಳು ತಟ್ಟನೆ ಕೈ ಎಳೆದುಕೊಂಡಳು.

"ಜುಮ್ ಅಂತು ಕಣ್ರೀ."

"ಸ್ವಲ್ಪ ಲೀಕೇಜು, ಅಷ್ಟೆ. ಲೋಹದ ಡಬ್ಬಿ ಅಲ್ವಾ? ಎಲ್ಲ ಆಂಪ್ಲಿಫೈಯರಲ್ಲೂ ಇರುತ್ತೆ," ಎಂದೆ. ನಾನು ಗಾಬರಿಯಾಗಲಿಲ್ಲ. ವಿಷಯ ಗೊತ್ತಿದೆ ಎಂದುಕೊಂಡವನಿಗೆ ಗಾಬರಿ ಬೇಗ ಬರುವುದಿಲ್ಲ.

ಅಪ್ಪ ಅಲ್ಲೇ ದಿವಾನದ ಮೇಲೆ ಕೂತಿದ್ದ. ಅವನಿಗೆ ಮಾತು ಕೇಳಿಸಲಿಲ್ಲ, ಸೊಸೆ ಕೈ ಎಳೆದುಕೊಂಡದ್ದು ಕಾಣಿಸಿತು. ಎದ್ದು ಬಂದ. ಅಂಗೈ ಮುಟ್ಟಿಸದೆ ಬೆರಳ ಹಿಂಭಾಗವನ್ನು ಪೆಟ್ಟಿಗೆಯ ಮೇಲೆ ಮೆಲ್ಲಗೆ ಎಳೆದ. ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ.

"ಇದಕ್ಕೆ ಅರ್ತ್ ಇಲ್ಲ ಕಣ್ಲಾ."

ನಾನು ನಕ್ಕೆ. ಮರಿ ಹೆಬ್ಬಾವನ್ನು ಎತ್ತಿ ತೋರಿಸಿ, ಅವನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ: "ಅಪ್ಪ, ಈ ವೈರಲ್ಲಿ ಮೂರು ಪದರ ಅರ್ತ್ ಇದೆ!"

"ವೈರಲ್ಲಿರದು ಕೇಳ್ಲಿಲ್ಲ ನಾನು. ಗ್ವಾಡೇಲಿ ಅದಾ?"

ಅಪ್ಪ ತನ್ನ ಟ್ರಂಕಿನ ತಳದಿಂದ ಒಂದು ಬಲ್ಬಿನ ಹೋಲ್ಡರ್ ತೆಗೆದ. ಅದಕ್ಕೆ ಎರಡು ತುಂಡು ವೈರು, ತುದಿಯಲ್ಲಿ ರಬ್ಬರಿನ ಹಿಡಿಗಳು. ಬಲ್ಬು ಹಾಕಿ, ಹಿಡಿಗಳನ್ನು ಸಾಕೆಟ್ಟಿನ ಕೆಳಗಿನ ಎರಡು ತೂತುಗಳಿಗೆ ಕೊಟ್ಟ. ಬಲ್ಬು ಧಗ್ಗನೆ ಉರಿಯಿತು. ಆಮೇಲೆ ಒಂದು ಹಿಡಿಯನ್ನು ಕರೆಂಟಿರುವ ತೂತಿನಲ್ಲೇ ಬಿಟ್ಟು, ಇನ್ನೊಂದನ್ನು ಮೇಲಿನ ದಪ್ಪ ತೂತಿಗೆ, ಅಂದರೆ ಅರ್ತಿಂಗಿನ ತೂತಿಗೆ ಕೊಟ್ಟ. ಅರ್ತಿಂಗ್ ನೆಲಕ್ಕೆ ಸೇರಿದ್ದರೆ ಬಲ್ಬು ಅಷ್ಟೇ ಜೋರಾಗಿ ಉರಿಯಬೇಕಿತ್ತು. ಉರಿಯಲಿಲ್ಲ. ಮಿಣುಕಲೂ ಇಲ್ಲ.

ಅಪ್ಪ ಮನೆಯ ಸಾಕೆಟ್ಟುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಹೋದ. ಮಲಗುವ ಕೋಣೆ, ಅಡುಗೆಮನೆ, ಫ್ರಿಜ್ಜು. ಕೊನೆಗೆ ಬಚ್ಚಲಮನೆಯ ಹೊರಗಿನ, ಗೀಸರಿನ ಸಾಕೆಟ್ಟು. ಎಲ್ಲೂ ಇಲ್ಲ. ಹೆಂಡತಿ ಅವನ ಹಿಂದೆಯೇ ಬಂದಿದ್ದಳು.

"ಗೀಸರ್‌ಗೂ ಇಲ್ವಾ ಮಾವ?"

"ಇಲ್ಲ ಕಣವ್ವ."

ನಾನು ನಗುವುದನ್ನು ಆಗ ನಿಲ್ಲಿಸಿದೆ. ಗೀಸರಿನ ಒಳಗೆ ಏನಾದರೂ ಕೆಟ್ಟು ನೀರಿಗೆ ಕರೆಂಟು ಇಳಿದಿದ್ದರೆ, ಅದು ನೆಲಕ್ಕೆ ಹೋಗಲು ಇದ್ದ ದಾರಿ ಸ್ನಾನ ಮಾಡುತ್ತಿರುವವರ ಮೈಯೊಂದೇ. ಅವಳು, ಅಪ್ಪ, ನಾನು ದಿನಾ ಅದರ ಕೆಳಗೆ ಒದ್ದೆ ಮೈಯಲ್ಲಿ ನಿಂತಿದ್ದೆವು. ಆಂಪ್ಲಿಫೈಯರ್ ಪಾಪ ಎಷ್ಟು ದಿನದಿಂದ ಗುಂಯ್ ಎಂದು ಹೇಳುತ್ತಿತ್ತೋ.

"ಅರ್ತ್ ಗುಂಡಿ ಎಲ್ಲಿ ತೋಡ್ಸಿದ್ದೆ?" ಎಂದು ಅಪ್ಪ ಕೇಳಿದ.

ಮೀಟರ್ ಬೋರ್ಡಿನಿಂದ ಹೊರಟ ತಂತಿಯನ್ನು ಹಿಂಬಾಲಿಸಿ ಮನೆ ಮುಂದಿನ ಅಂಗಳಕ್ಕೆ ಬಂದೆವು. ತಂತಿ ಗೋಡೆಯ ಬುಡದವರೆಗೆ ಬಂದು, ಹೊಳೆಯುವ ಟೈಲ್ಸಿನ ಅಂಚಿನಲ್ಲಿ ನಿಂತಿತ್ತು. ತುದಿ ನೀಟಾಗಿ ಕತ್ತರಿಸಿತ್ತು.

"ಯಾರು ಕತ್ತರಿಸಿದ್ದು?" ಎಂದಳು ಹೆಂಡತಿ.

"ಟೈಲ್ಸ್ ಹಾಕಿದವನೇ ಇರಬೇಕು. ಈ ಕೆಲಸದವರಿಗೆ ಏನು ಗೊತ್ತಾಗುತ್ತೆ?" ಎಂದೆ.

ಹೇಳುವಾಗಲೇ ನನಗೆ ನೆನಪಾಯಿತು. ಎರಡು ವರ್ಷದ ಹಿಂದೆ, ಸ್ಕೂಟರ್ ನಿಲ್ಲಿಸಲು ಅಂಗಳ ಸಮ ಮಾಡಿಸಿದ್ದೆವು. ಹೊಳಲು ಕಡೆಯಿಂದ ಬಂದಿದ್ದ ಟೈಲ್ಸ್ ಮೇಸ್ತ್ರಿ ಬಾಗಿಲಿಗೆ ಬಂದು ಕೇಳಿದ್ದ: "ಸಾ, ಇಲ್ಲೊಂದು ಪೈಪು, ತಂತಿ ಅಡ್ಡ ಬತ್ತಾವೆ. ಇರ್ಲಾ, ಕುಯ್ದಾಕ್ಲಾ?" ನಾನು ಒಳಗೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ತಲೆಯೆತ್ತದೆ, "ಕುಯ್ದಾಕಪ್ಪ," ಎಂದಿದ್ದೆ. ಅವನು ಕೇಳಿಯೇ ಕತ್ತರಿಸಿದ್ದ. ಮನೆಗೆ ಅರ್ತಿಂಗ್ ಯಾಕೆ ಬೇಕು ಎಂಬ ಪ್ರಶ್ನೆಗೆ ಮಕ್ಕಳು ಬರೆದ ಉತ್ತರ ಆ ಕಟ್ಟಿನಲ್ಲಿ ಇತ್ತೋ ಇಲ್ಲವೋ ನೆನಪಿಲ್ಲ. ಇತ್ತು ಎಂದೇ ನನಗೆ ಅನ್ನಿಸುತ್ತದೆ.

ಅರ್ಧ ಗಂಟೆ ಒಳಗೆ ಹೊರಗೆ ಓಡಾಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ಹೆಂಡತಿಗೆ ಹೇಳಿದೆ, "ನಾನೇ ಹೇಳಿದ್ದು ಕತ್ತರಿಸೋಕೆ." ಅವಳು ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೀಸರಿನ ಸ್ವಿಚ್ಚಿನ ಮೇಲೆ ಒಂದು ಅಂಟುಪಟ್ಟಿ ಹಚ್ಚಿ ಬಂದು, "ಸರಿಯಾಗೋ ತನಕ ಒಲೆ ಮೇಲೆ ನೀರು ಕಾಯಿಸಿ, ಮೂರು ಜನಕ್ಕೂ ನೀವೇ ಹೊತ್ತು ಹಾಕಿ," ಎಂದಳು. ಹಾಗೇ ಮಾಡಿದೆ.

ಸಂಜೆ ಅಪ್ಪ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನಾನು ಪಕ್ಕದ ಮೆಟ್ಟಿಲ ಮೇಲೆ ಕೂತೆ. ಅವನು ತಾನಾಗಿಯೇ ಮಾತು ತೆಗೆದ.

"ನಿಂಗಾಗ ಒಂದು ವರ್ಸ ಇರ್ಬೇಕು. ಬೆಳಕವಾಡಿ ತಾವ ಒಂದು ಮದ್ವೆ. ಮಳೆ ಉಯ್ದು ನೆಲ ಎಲ್ಲ ಕೆಸ್ರು. ಗಂಡಿನ ಸೋದರಮಾವ ಮೈಕ್ ಇಡ್ಕಂಡ್ನಲ್ಲ, ಕೈ ಬುಡಕ್ಕೆ ಆಗ್ಲಿಲ್ಲ ಅವನ್ಗೆ. ಒದ್ದು ಬೀಳಿಸ್ದೆ. ಮೈಕನ್ನಲ್ಲ, ಅವನ್ನೇಯಾ."

"ಬದುಕಿದನಾ?"

"ಬದುಕ್ದ. ಎದ್ದು ನಂಗೆ ಎರಡು ಬಾರ್ಸುದ. ಬಾರ್ಸ್ಲಿ ಬುಡು, ಬದುಕ್ದಲ್ಲ. ಆವತ್ತಿಂದ ಒಂದು ಕಬ್ಣದ ಸಲಾಕೆ ಮಡೀಕಂಡಿದ್ದೆ. ಓದ್ ಕಡೇಲೆಲ್ಲ ಮೊದ್ಲು ಅದನ್ನ ನೆಲಕ್ಕೆ ಒಡ್ದು, ಒಂದು ಕೊಡ ನೀರುಯ್ದು, ತಂತಿ ಕಟ್ಟಿ, ಆಮ್ಯಾಕೆ ಸೆಟ್ಟು ಆನ್ ಮಾಡದು."

ಆ ಸಲಾಕೆ ನನಗೆ ಚೆನ್ನಾಗಿ ನೆನಪಿದೆ. ಸೈಕಲ್ಲಿನ ಅಡ್ಡಕಂಬಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಶಾಮಿಯಾನದ ಹಗ್ಗ ಕಟ್ಟುವ ಗೂಟ ಎಂದುಕೊಂಡಿದ್ದೆ. ಬೆಂಕಿಕಡ್ಡಿ ಸಿಕ್ಕಿಸುವುದನ್ನು ನೋಡಿ ನಾಚಿಕೊಂಡ ನಾನು, ಸಲಾಕೆ ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆಮೇಲೆ ಅದನ್ನೇ ಪುಸ್ತಕದಲ್ಲಿ ಓದಿ, ಪಾಸಾಗಿ, ಸಂಬಳ ತೆಗೆದುಕೊಂಡು, ಇತರರಿಗೆ ಹೇಳಿಕೊಟ್ಟೆ.

ಮುಂದಿನ ಭಾನುವಾರ ಮದ್ದೂರಿನಿಂದ ಅಪ್ಪನ ಹಳೆಯ ಪರಿಚಯದ ಎಲೆಕ್ಟ್ರೀಷಿಯನ್ ಬಂದರು. ಟೈಲ್ಸು ಕೀಳುವುದು, ಗುಂಡಿ ತೋಡುವುದು ನನ್ನ ಪಾಲಿಗೆ ಬಂತು. ನೀನೇ ಮಾಡು ಎಂದು ಯಾರೂ ಹೇಳಲಿಲ್ಲ, ಗುದ್ದಲಿ ನನ್ನ ಮುಂದೆ ಇತ್ತು, ಹೆಂಡತಿ ಅದನ್ನೇ ನೋಡುತ್ತಿದ್ದಳು. ಎದೆಮಟ್ಟದ ಗುಂಡಿಯಲ್ಲಿ ನಾನು ನಿಂತಿದ್ದಾಗ ದಾರಿಯಲ್ಲಿ ಹೋಗುತ್ತಿದ್ದ ನನ್ನ ಇಬ್ಬರು ಶಿಷ್ಯೆಯರು ನಮಸ್ಕಾರ ಮಾಡಿದರು. ಗುಂಡಿಯೊಳಗಿಂದಲೇ ಪ್ರತಿನಮಸ್ಕಾರ ಮಾಡಿದೆ. ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು, ಮಣ್ಣು ಹಾಕಿ ನೀರು ಸುರಿದೆವು. ಮನೆಯೊಳಗೆ ಕರೆಂಟು ಸೋರಿದರೆ ತಾನಾಗಿಯೇ ಬಿದ್ದು ಕರೆಂಟು ನಿಲ್ಲಿಸುವ ಸ್ವಿಚ್ಚನ್ನೂ ಹಾಕಿಸಿದೆವು. ಆ ಸ್ವಿಚ್ಚನ್ನು ಜೋಡಿಸುವ ಮೊದಲೇ ಅಪ್ಪ ತನ್ನ ಬಲ್ಬನ್ನು ಸಾಕೆಟ್ಟಿಗೆ ಇನ್ನೊಮ್ಮೆ ಹಿಡಿದ. ಅದು ಉರಿಯಿತು. ಹೆಂಡತಿ ಹೋಗಿ ಗೀಸರಿನ ಮೇಲಿನ ಅಂಟುಪಟ್ಟಿ ಕಿತ್ತಳು.

ಸಂಜೆ ಆಂಪ್ಲಿಫೈಯರ್ ಮುಟ್ಟಿದರೆ ಜುಮ್ಮೆನ್ನಲಿಲ್ಲ. ದುಂಬಿಯ ಸದ್ದು ಅರ್ಧ ಇಳಿದಿತ್ತು. ಆದರೆ ಅಪ್ಪನಿಗೆ ದಪ್ಪ ವೈರಿನ ಮೇಲೆ ಸಮಾಧಾನವಿರಲಿಲ್ಲ. "ಭಾರಕ್ಕೆ ಪಿನ್ನು ಸಡ್ಲ ಆಗ್ಬುಟ್ಟದೆ ನೋಡು. ಸಡ್ಲ ಆದ್ರೆ ಬಿಸಿ ಆಯ್ತದೆ. ಇನ್ನೇನು ಅರ್ತ್ ಪಿನ್ನೂ ಈಚೆ ಬತ್ತದೆ. ಸೇರು ಮಡಗಿ ನಿಲ್ಸೋ ವೈರು ಒಂದು ವೈರಾ?"

ನಾವಿಬ್ಬರೂ ಬಸ್ಸಿನಲ್ಲಿ ಮದ್ದೂರಿಗೆ ಹೋದೆವು. ಅಪ್ಪ ಅಂಗಡಿಯಲ್ಲಿ ಮೂರೆಳೆಯ ಮಾಮೂಲಿ ವೈರು ತೆಗೆಸಿ, ತುದಿ ಸುಲಿದು, ತಾಮ್ರದ ಎಳೆಗಳನ್ನು ಬೆರಳಲ್ಲಿ ಹೊಸೆದು ನೋಡಿದ. ಒಂದನ್ನು ಬೇಡವೆಂದ, ಇನ್ನೊಂದನ್ನು ಒಪ್ಪಿದ. ಪ್ಲಗ್ಗುಗಳನ್ನು ಅಂಗಡಿಯ ಗೋಡೆಯ ಸಾಕೆಟ್ಟಿಗೇ ಹಾಕಿ ಎಳೆದು ನೋಡಿದ. ಬಿಗಿಯಾಗಿ ಕೂತದ್ದನ್ನು ಆರಿಸಿದ. ಎಲ್ಲ ಸೇರಿ ಕಾಲು ಗಂಟೆ. ಉಳಿದ ಹೊತ್ತಿನಲ್ಲಿ ವಡೆ ತಿಂದೆವು.

ಮನೆಗೆ ಬಂದು ಎರಡು ವೈರು ಕಟ್ಟಿದ, ಆಂಪ್ಲಿಫೈಯರಿಗೊಂದು, ಡಬ್ಬಿಗೊಂದು. ರೆಕಾರ್ಡು ಹಾಕಿದೆ. ಗುಂಯ್ ಇನ್ನೂ ಸ್ವಲ್ಪ ಉಳಿದಿತ್ತು. ಅಪ್ಪ ಬೆರಳ ತುದಿಗಳನ್ನು ಸ್ಪೀಕರಿನ ಮೇಲೆ ಇಟ್ಟು, "ಅದೆ, ಇನ್ನೂ ಅದೆ," ಎಂದ. ಆಮೇಲೆ ಮೂರು ಪೆಟ್ಟಿಗೆಗಳ ನನ್ನ ಗೋಪುರವನ್ನು ಮೇಲಿಂದ ಕೆಳಗೆ ನೋಡಿದ. ನೆತ್ತಿಯ ಮೇಲಿನ ಟಿಫನ್ ಡಬ್ಬಿಯನ್ನು ಬೆರಳಿಂದ ತಟ್ಟಿದ.

"ಇದ್ರೊಳಗೆ ಟ್ರಾನ್ಸ್‌ಫಾರ್ಮರ್ ಅದಲ್ವಾ? ಇದನ್ನ ಬ್ಯಾರೆ ಡಬ್ಬಿ ಮಾಡಿ ಯಾಕ್ ಕೊಟ್ಟವ್ರೆ?"

"ಟ್ರಾನ್ಸ್‌ಫಾರ್ಮರಿನ ಗುಂಯ್ ಆ ಪುಟ್ಟ ಪೆಟ್ಟಿಗೆಗೆ ತಾಗಬಾರದು ಅಂತ. ದೂರ ಇಡೋಕೆ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅರ್ಥವಾಗಿತ್ತು.

"ಮತ್ತೆ ತಲೆ ಮ್ಯಾಲೆ ಮಡಗಿದ್ದೀಯಲ್ಲೋ!"

ಡಬ್ಬಿಯನ್ನು ತೆಗೆದು ಕೆಳಗಿನ ಗೂಡಿನ ಮೂಲೆಗೆ ಇಟ್ಟೆ, ಅದರಿಂದ ಪುಟ್ಟ ಪೆಟ್ಟಿಗೆಗೆ ಹೋಗುವ ಸಣ್ಣ ವೈರು ಎಟಕುವಷ್ಟು ದೂರಕ್ಕೆ. ಗುಂಯ್ ನಿಂತುಹೋಯಿತು. ಹಾಡಿನ ನಡುವಿನ ಮೌನದಲ್ಲಿ ರೆಕಾರ್ಡಿನ ಗೀರುಗಳ ಚಿಟಪಟ ಬಿಟ್ಟರೆ ಏನೂ ಇರಲಿಲ್ಲ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಯಾಕೆ, ಕೆಟ್ಟೋಯ್ತಾ?" ಎಂದಳು.

ಎರಡೂ ಹೆಬ್ಬಾವುಗಳನ್ನು ಡಾಕ್ಟರಿಗೆ ಕೊಟ್ಟುಬಿಟ್ಟೆ. ನನ್ನ ಕಥೆಯನ್ನೆಲ್ಲ ಕೇಳಿದ ಅವರು ಗಂಭೀರವಾಗಿ ಗಡ್ಡ ತುರಿಸಿಕೊಂಡು, "ನಿಮ್ಮ ತಂದೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ ಸಾರ್, ನಮ್ಮನೇದೂ ನೋಡ್ಲಿ," ಎಂದರು. ಕರೆದುಕೊಂಡು ಹೋದೆ. ಅಪ್ಪ ಬಲ್ಬು ಹಿಡಿದು ಇಡೀ ಮಹಡಿ ಸುತ್ತಿದ. ಅವರ ಮನೆಯ ಅರ್ತಿಂಗ್ ಚೊಕ್ಕವಾಗಿತ್ತು. ಡಾಕ್ಟರಿಗೆ ಬಹಳ ಸಂತೋಷವಾಗಿ ಕಾಫಿ ತರಿಸಿ, ನಮ್ಮನ್ನು ಸೋಫಾದ ಮೇಲೆ ಕೂರಿಸಿ, ಮಾಮೂಲಿ ವೈರಿನಲ್ಲಿ ಒಮ್ಮೆ, ನನ್ನ ಹೆಬ್ಬಾವಿನಲ್ಲಿ ಒಮ್ಮೆ ಅದೇ ಪಿಟೀಲು ನುಡಿಸಿದರು.

"ಯಾವುದು ಚೆನ್ನಾಗಿತ್ತು ಯಜಮಾನ್ರೇ?"

"ಕಾಪಿ ಚೆನ್ನಾಗದೆ," ಎಂದ ಅಪ್ಪ. "ನಂಗೆ ಕಿವಿ ಕೇಳ್ಸಕಿಲ್ಲ ಡಾಕ್ಟ್ರೇ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ: ಎರಡನೆಯ ಸಲ ಪಿಟೀಲಿನ ಸುತ್ತ ನನಗೆ ಗಾಳಿ ಕೇಳಿಸಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, "ನಿಂಗೇನಾರ ವ್ಯತ್ಯಾಸ ಗೊತ್ತಾಯ್ತಾ?"

"ಎಂಥದೂ ಇಲ್ಲ," ಎಂದೆ, ಅವನಿಗೆ ಕೇಳಿಸುವಷ್ಟು ಜೋರಾಗಿ.